ಮುಚ್ಚಳ ದಾನದ ಶಿಲಾಶಾಸನ

ದಾನವನ್ನು ಯಾರೂ ಒಬ್ಬಂಟಿಯಾಗಿ ಮಾಡತಕ್ಕದ್ದಲ್ಲ. ಇದು ತುಂಗಭದ್ರಾ ವಲಯ ದಾನಿಗಳ ಸಮನ್ವಯ ಒಕ್ಕೂಟದ ಒಂದನೇ ನಿಯಮ. ಒಕ್ಕೂಟದ ಕಚೇರಿ ಹೊಸಪೇಟೆಯಲ್ಲಿ ಒಂದು ಟೈರ್ ಅಂಗಡಿಯ ಮಾಳಿಗೆಯ ಮೇಲಿದೆ. ನಾನು ಅಲ್ಲಿನ ಗುಮಾಸ್ತ, ಮರಿಸ್ವಾಮಿ. ಒಕ್ಕೂಟ ತಾನಾಗಿ ಯಾರಿಗೂ ಏನನ್ನೂ ಕೊಡುವುದಿಲ್ಲ. ಕೊಡುವವರಿಗೆ ಕೊಡುವ ಬಗೆ ಹೇಳಿಕೊಡುತ್ತದೆ, ಕೊಡುವವರನ್ನು ಕೊಡುವವರಿಗೆ ಪರಿಚಯಿಸುತ್ತದೆ, ಅವರು ಒಬ್ಬರಿಗೊಬ್ಬರು ಶಾಲು ಹೊದಿಸುವಾಗ ಶಾಲು ಕಡಿಮೆ ಬೀಳದಂತೆ ನೋಡಿಕೊಳ್ಳುತ್ತದೆ.

ಆ ವರ್ಷಗಳಲ್ಲಿ ಸಂಡೂರಿನ ಗುಡ್ಡಗಳು ಲಾರಿ ಹತ್ತಿ ಬಂದರಿನ ಕಡೆ ಹೊರಟಿದ್ದರಿಂದ ನಮ್ಮ ಸೀಮೆಯಲ್ಲಿ ದಾನಿಗಳಿಗೆ ಬರವಿರಲಿಲ್ಲ. ಗಣಿ ಇದ್ದವರು, ಲಾರಿ ಇದ್ದವರು, ಲಾರಿಗೆ ತಾಡಪಾಲು ಮಾರುವವರು, ಎಲ್ಲ ಸೇರಿ ಇಪ್ಪತ್ತೇಳು ಮಂದಿ ಸದಸ್ಯರು. ತಾಡಪಾಲು ಮಾರುವವರು ಇದ್ದರೂ ಲಾರಿಗಳು ಅದನ್ನು ಹೊದೆಯುತ್ತಿರಲಿಲ್ಲ ಎಂಬುದು ಒಕ್ಕೂಟದ ವ್ಯಾಪ್ತಿಗೆ ಬಾರದ ವಿಷಯ.

2006ರ ನವೆಂಬರಿನಲ್ಲಿ ಸಂಡೂರು ರಸ್ತೆಯ ಪಕ್ಕದ ಒಂದು ಹಳ್ಳಿಯಿಂದ ಹೊಳೆಮ್ಮ ಎಂಬುವರು ಕಚೇರಿಗೆ ಬಂದರು. ಅಲ್ಲಿನ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವರು. ಶಾಲೆಯ ನೆಲದೊಳಗಿನ ನೀರಿನ ಸಂಪಿಗೆ ಮುಚ್ಚಳವಿಲ್ಲ, ಅದಿರಿನ ಧೂಳೆಲ್ಲ ಅದರಲ್ಲೇ ಬೀಳುತ್ತದೆ ಎಂಬ ಅವರ ಅಹವಾಲನ್ನು ಅರ್ಜಿಯಾಗಿ ಬರೆದುಕೊಂಡೆ.

"ಅನ್ನ ಮಾಡಿದ್ರ ಕೆಂಪನ್ನ ಚಿತ್ರಾನ್ನದಂಗ ಕಾಣ್ತೈತ್ರಿ. ನನ್ನ ಮೊಮ್ಮಗಳು ಪೂಜಿತಾ ಅಲ್ಲೇ ಮೂರನೇತ್ತ ಓದ್ತಾಳ. ದಿನಾ ಹೊಟ್ಟಿ ಹಿಡಕಂಡು ಬರ್ತಾಳ. ಸದ್ಯ ಗೋಣಿಚೀಲ ಹೊಚ್ಚೀನಿ. ಒಂದು ತಗಡಿನ ಮುಚ್ಚಳ ಮಾಡಿಸಿ ಕೊಡ್ರಿ, ಸಾಕು."

ಅಂದು ಕಂಪ್ಲಿಯ ಅಕ್ಕಿ ಗಿರಣಿಯ ಮಾಲೀಕರೂ ಹೊಸ ಸದಸ್ಯರೂ ಆದ ಅಂದಾನಪ್ಪನವರು ರಸೀದಿಗಾಗಿ ಕಚೇರಿಗೆ ಬಂದಿದ್ದರು. ನಿಯಮಗಳ ಪುಸ್ತಕ ಅವರ ಕೈಗೆ ಇನ್ನೂ ಸಿಕ್ಕಿರಲಿಲ್ಲ.

"ಇಷ್ಟೇ ಏನವ್ವಾ? ಕೆಳಗ ಟೈರ್ ಅಂಗಡಿ ಬಾಜೂಕ ವೆಲ್ಡಿಂಗ್ ಅಂಗಡಿ ಐತಿ, ನಡಿ. ಸಂಜಿಯೊಳಗ ಹೊಡಸಿ ಕೊಡ್ತೀನಿ" ಎಂದು ಅವರು ಎದ್ದೇಬಿಟ್ಟರು.

ಒಕ್ಕೂಟದ ಇತಿಹಾಸದಲ್ಲಿ ಇಂಥ ಅಪಾಯ ಹಿಂದೆಂದೂ ಒದಗಿರಲಿಲ್ಲ. ಪುಣ್ಯಕ್ಕೆ ಅಧ್ಯಕ್ಷರಾದ ಜಡೆಪ್ಪನವರು ಒಳಗೇ ಇದ್ದರು. ನಲವತ್ತು ಲಾರಿಗಳ ಒಡೆಯರು.

"ಕುಂದ್ರಿ ಅಂದಾನಪ್ಪನೋರ" ಎಂದರು. "ನೀವೊಬ್ರೇ ಮುಚ್ಚಳ ಕೊಟ್ರ ಉಳಿದ ಇಪ್ಪತ್ತಾರು ಮಂದಿ ಏನು ಕೊಡಬೇಕು? ಸಂಪಿಗೆ ಬಾಯಿ ಇರೋದು ಒಂದೇ."

"ಹಂಗಾರ ನೀವೇ ಕೊಡ್ರಿ."

"ನಾನೂ ಒಬ್ನೇ ಕೊಡಂಗಿಲ್ಲ. ಕೂಡಿ ಕೊಡಬೇಕು. ಅದಕ್ಕೇ ಅಲ್ಲೇನು ಒಕ್ಕೂಟ?"

"ದೇವ್ರು ವರ ಕೊಟ್ರೂ ಪೂಜಾರಿ ಕೊಡವಲ್ಲ ಅಂದಂಗಾತು" ಎಂದು ಅಂದಾನಪ್ಪನವರು ಕುಳಿತರು. ನೂತನ ಸದಸ್ಯರು ಒಕ್ಕೂಟವನ್ನು ಪೂಜಾರಿಗೆ ಹೋಲಿಸಿ ಶ್ಲಾಘಿಸಿದರೆಂದು ನಾನು ನಡಾವಳಿ ಪುಸ್ತಕದಲ್ಲಿ ಬರೆದುಕೊಂಡೆ.

ಡಿಸೆಂಬರಿನಲ್ಲಿ ಸ್ಥಳ ಪರಿಶೀಲನೆ ನಡೆಯಿತು. ಹದಿನಾಲ್ಕು ಕಾರುಗಳು ಶಾಲೆಯ ಅಂಗಳಕ್ಕೆ ನುಗ್ಗಿದ್ದರಿಂದ ಧೂಳಿನ ಸಮಸ್ಯೆ ಸದಸ್ಯರಿಗೆ ಚೆನ್ನಾಗಿ ಮನದಟ್ಟಾಯಿತು. ಆದರೆ ಸಂಪಿನ ಮೇಲೆ ಗೋಣಿಚೀಲವಿತ್ತು. ಏಳನೇ ನಿಯಮದ ಪ್ರಕಾರ ಅಗತ್ಯವು ಕಣ್ಣಿಗೆ ಕಾಣುವಂತಿರತಕ್ಕದ್ದು. ಹೀಗಾಗಿ ಚೀಲ ತೆಗೆಸಿ ಫೋಟೊ ಹಿಡಿಸಿದೆವು. ತೆಗೆದ ಚೀಲವನ್ನು ಸಾಕ್ಷ್ಯವೆಂದು ಕಚೇರಿಗೆ ತಂದು ಕಡತಕ್ಕೆ ಕಟ್ಟಿದೆ. ದಾನ ಪೂರ್ಣಗೊಳ್ಳುವವರೆಗೆ ಬೇರೇನೂ ಹೊದಿಸಕೂಡದೆಂದು ಹೊಳೆಮ್ಮನವರಿಗೆ ತಿಳುವಳಿಕೆ ಪತ್ರ ಕೊಟ್ಟೆವು.

"ಚೀಲನೂ ಒಯ್ತೀರೇನು?" ಎಂದು ಅವರು ಕೇಳಿದರು. ಅವರ ಹಿಂದೆ ಪೂಜಿತಾ ಲೋಟ ಹಿಡಿದು ನಿಂತಿದ್ದಳು. ನನಗೆ ನಾಚಿಕೆಯಾಯಿತು. ಪರಿಶೀಲನಾ ನಮೂನೆಯಲ್ಲಿ ಅದನ್ನು ಬರೆಯಲು ಜಾಗವಿರಲಿಲ್ಲವಾದ್ದರಿಂದ ಬಿಟ್ಟೆ.

ಫೆಬ್ರವರಿಯಲ್ಲಿ ಹಂಪಿಯ ಬಳಿ ಹೋಟೆಲೊಂದರಲ್ಲಿ ಎರಡು ದಿನದ ಕಾರ್ಯಾಗಾರ ಏರ್ಪಟ್ಟಿತು. ವಿಷಯ: 'ಮುಚ್ಚಳ: ಒಂದು ಸಮಗ್ರ ನೋಟ'. ಮೊದಲ ದಿನ ಊಟದ ನಂತರ ಸದಸ್ಯರನ್ನು ಹಂಪಿಗೆ ಕರೆದೊಯ್ದು ಹಳೆಯ ದಾನಶಾಸನಗಳನ್ನು ತೋರಿಸಲಾಯಿತು. ದಾನ ಕೊಟ್ಟವರ ಹೆಸರು, ಕೆಳಗೆ ದಾನ ಕೆಡಿಸಿದವರಿಗೆ ಶಾಪ. ಗೈಡು ಶಾಪವನ್ನು ಓದಿ ಅರ್ಥ ಹೇಳಿದಾಗ ಜಡೆಪ್ಪನವರ ಕಣ್ಣಲ್ಲಿ ನೀರು ಬಂತು.

"ನೋಡ್ರಿ, ಐನೂರು ವರ್ಷ ಆದ್ರೂ ಹೆಸರು ಅಳಿಸಿಲ್ಲ! ತಗಡು ನಾಕು ವರ್ಷಕ್ಕ ತುಕ್ಕು ಹಿಡಿತೈತಿ. ನಾವೂ ಕಲ್ಲಿನಾಗ ಕೊಡೋಣು."

ಚಪ್ಪಾಳೆ ಬಿತ್ತು. ಮುಚ್ಚಳವೂ ಶಾಸನವೂ ಬೇರೆಬೇರೆ ಆಗುವ ಅನಗತ್ಯ ಖರ್ಚನ್ನು ತಪ್ಪಿಸಿ, ಎರಡನ್ನೂ ಒಂದೇ ಕಲ್ಲಿನಲ್ಲಿ ಮಾಡಿಸುವುದೆಂದು ಠರಾವಾಯಿತು. ಸಂಪಿಗೆ ಕೊಡ ಇಳಿಸಿ ನೀರು ಸೇದುವವರ ಬಗ್ಗೆ ಅಂದಾನಪ್ಪನವರು ಏನೋ ಕೇಳಲು ಕೈ ಎತ್ತಿದರು. ಅವರಿಗೂ ಒಂದು ಶಾಲು ಹೊದಿಸಿದ್ದರಿಂದ ಕೈ ಇಳಿಯಿತು.

ಇಪ್ಪತ್ತೇಳು ಹೆಸರುಗಳ ಅನುಕ್ರಮ ನಿರ್ಧರಿಸಲು ನಾಲ್ಕು ತಿಂಗಳು ಹಿಡಿಯಿತು. ಕಡೆಗೆ ಜೂನ್ ಕೊನೆಯಲ್ಲಿ ಆರು ಅಂಗುಲ ದಪ್ಪದ ಗ್ರಾನೈಟ್ ಚಪ್ಪಡಿಯನ್ನು ಕ್ರೇನಿನಲ್ಲಿ ತಂದು, ಬ್ಯಾಂಡ್ ಬಾರಿಸಿ, ಸಂಪಿನ ಬಾಯಿಗೆ ಕೂರಿಸಿ, ಸುತ್ತ ಸಿಮೆಂಟು ಮೆತ್ತಿದೆವು. ಅದರ ಕೊನೆಯ ಸಾಲುಗಳು ಹೀಗಿದ್ದವು:

'ಈ ದಾನಶಿಲೆಯನ್ನು ಕದಲಿಸಿದವರು ಗಂಗೆಯ ತಡಿಯಲ್ಲಿ ಸಾವಿರ ಕವಿಲೆಗಳನ್ನು ಕೊಂದ ಪಾಪಕ್ಕೆ ಹೋಗುವರು.'

ಬ್ಯಾಂಡು ನಿಂತ ಮೇಲೆ ಹೊಳೆಮ್ಮನವರು ಕೊಡ ಹಿಡಿದು ಬಂದರು.

"ಸಾವ್ಕಾರ್ರ, ಈಗ ನೀರು ಹೆಂಗ ಸೇದ್ಲಿ?"

ಜಡೆಪ್ಪನವರು ಕಲ್ಲನ್ನು ನೋಡಿದರು. "ಮರಿಸ್ವಾಮಿ, ಏನು ಮಾಡೋದಲೇ?"

"ಕಲ್ಲು ಸರಿಸಬೇಕಾಗತೈತಿ, ಸಾವ್ಕಾರ್ರ."

"ಸರಿಸ್ರಿ ಮತ್ತ."

ಯಾರೂ ಮುಂದೆ ಬರಲಿಲ್ಲ. ಕ್ರೇನಿನ ಚಾಲಕ ಶಾಪವನ್ನು ಎರಡು ಸಲ ಓದಿಸಿಕೊಂಡು ಕೇಳಿ, ಕೈಮುಗಿದು, ಗಾಡಿ ತಿರುಗಿಸಿಕೊಂಡು ಹೋದ. ಹೆಡ್‌ಮಾಸ್ತರರು ಪಂಚಾಯಿತಿಯ ಕಡೆ ಕೈ ತೋರಿದರು, ಪಂಚಾಯಿತಿಯವರು ದಾನಿಗಳ ಕಡೆ. ಕೊಟ್ಟವರಿಗಾದರೂ ಶಾಪದಿಂದ ವಿನಾಯಿತಿ ಉಂಟೇ ಎಂದು ಜಡೆಪ್ಪನವರು ಕೇಳಿದರು. ಹಂಪಿಯ ಶಾಸನಗಳಲ್ಲಿ ಅಂಥ ವಿನಾಯಿತಿ ಕಂಡದ್ದಿಲ್ಲವೆಂದು ತಿಳಿಸಿದೆ.

"ಗೋಹತ್ಯೆ ಪಾಪ ಯಾರಿಗೆ ಬೇಕವ್ವಾ? ಅದೂ ಸಾವಿರ" ಎಂದು ಅವರು ಹೊಳೆಮ್ಮನವರಿಗೆ ಸಮಾಧಾನ ಹೇಳಿದರು.

ಅಂದಿನಿಂದ ಹೊಳೆಮ್ಮನವರು ಲಾರಿ ರಸ್ತೆ ದಾಟಿ, ಆಚೆ ಹೊಲದ ಬೋರಿನಿಂದ ದಿನಕ್ಕೆ ಎಂಟು ಕೊಡ ನೀರು ಹೊರುತ್ತಾರೆ. ಲಾರಿಗಳ ಸಾಲು ಮುಗಿಯುವುದನ್ನು ಕಾಯುತ್ತ ಅವರು ಕೊಡ ಹೊತ್ತು ನಿಂತಿರುವುದನ್ನು ನಾನೇ ಕಂಡಿದ್ದೇನೆ. ಆ ಸಾಲಿನಲ್ಲಿ ಅರ್ಧಕ್ಕರ್ಧ ನಮ್ಮ ಸದಸ್ಯರವೇ. ಮಕ್ಕಳು ಮನೆಯಿಂದ ಬಾಟಲಿಯಲ್ಲಿ ನೀರು ತರುತ್ತಾರೆ. ನಲ್ಲಿ ನೀರು ಈಗಲೂ ಪೈಪಿನಿಂದ ಬಂದು ಸಂಪು ತುಂಬುತ್ತದೆ. ಕಲ್ಲಿನ ಕೆಳಗೆ ಅದು ತಿಳಿಯಾಗಿದೆ ಎಂದು ನಾವೆಲ್ಲರೂ ನಂಬಿದ್ದೇವೆ. ವಾರ್ಷಿಕ ವರದಿಯಲ್ಲಿ ನಾನು ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ: 'ಸಂಪಿನ ಕೆಂಪು ನೀರು ಕುಡಿಯುತ್ತಿದ್ದ ಮಕ್ಕಳು, ದಾನಕ್ಕೆ ಮೊದಲು ನೂರ ಹನ್ನೆರಡು. ದಾನದ ನಂತರ ಸೊನ್ನೆ.'

ಈ ದಾನಶಿಲೆಯನ್ನು ನೋಡಲು ಬೇರೆ ಜಿಲ್ಲೆಗಳ ಒಕ್ಕೂಟದವರೂ ಬಂದರು. ಆಗ ಒಂದು ಗಂಭೀರ ಲೋಪ ಬೆಳಕಿಗೆ ಬಂತು. ಕಲ್ಲಿನ ಮೇಲೆ ಅದಿರಿನ ಧೂಳು ಕೂತು ಹೆಸರುಗಳೇ ಕಾಣುತ್ತಿರಲಿಲ್ಲ. ಜಡೆಪ್ಪನವರು ಅಲ್ಲಿಂದಲೇ ವೆಲ್ಡಿಂಗ್ ಅಂಗಡಿಗೆ ಫೋನು ಮಾಡಿದರು. ತುರ್ತು ಸಂದರ್ಭವಾದ್ದರಿಂದ ಒಂದನೇ ನಿಯಮ ಸಡಿಲಿಸಲಾಯಿತು. ವೆಲ್ಡಿಂಗ್ ಅಂಗಡಿಯವನು ಅಳತೆ ಕೇಳಿಕೊಂಡು, ಸಂಜೆಯೊಳಗೆ ಕೀಲು ಹಿಡಿಕೆ ಸಮೇತ ತಗಡಿನ ಮುಚ್ಚಳ ಮಾಡಿ ತಂದು ಕಲ್ಲಿನ ಮೇಲೆ ಕೂರಿಸಿದ. ಬಹಳ ಒಳ್ಳೆಯ ಮುಚ್ಚಳ, ಒಂದೇ ಕೈಯಲ್ಲಿ ಎತ್ತಬಹುದು. ಅತಿಥಿಗಳು ಬಂದಾಗ ತೆರೆದು ತೋರಿಸುವ ಹೊಣೆಯನ್ನು ಹೊಳೆಮ್ಮನವರಿಗೇ ವಹಿಸಿದೆವು.

ಅವರು ಕೊಡ ಇಳಿಸಿ, ಮುಚ್ಚಳವನ್ನೊಮ್ಮೆ ಎತ್ತಿ ನೋಡಿದರು, ಇಳಿಸಿದರು.

"ನಾನು ಕೇಳಿದ್ದು ಇದನ್ನ ನೋಡ್ರಿ" ಎಂದರು.

ಆ ಮಾತಿನಿಂದ ನನಗೆ ಭಾರಿ ಅನುಕೂಲವಾಯಿತು. ಅವರ ಹಳೆಯ ಅರ್ಜಿಯನ್ನು ತೆಗೆದು, 'ಕೋರಿದ ಮುಚ್ಚಳ ಕೋರಿದ ರೀತಿಯಲ್ಲೇ ತಲುಪಿದೆ' ಎಂದು ಬರೆದು, ಅವರ ಹೆಬ್ಬೆಟ್ಟು ಒತ್ತಿಸಿಕೊಂಡು ಕಡತ ಮುಗಿಸಿದೆ. ಹೆಬ್ಬೆಟ್ಟಿಗೆ ಶಾಯಿ ಬೇಕಾಗಲಿಲ್ಲ. ಕೈಗೆ ಧೂಳು ಹತ್ತಿತ್ತು, ಗುರುತು ಕೆಂಪಗೆ ಚೆನ್ನಾಗಿಯೇ ಮೂಡಿತು.