ಮೊಲ ವಾಲಿತಂತ ನೆಲ ಕಿತ್ತಿದ್ದು

ಸೇಡಂದಾಗ ನಾ ಹಾಸಿದ ಪರಸಿ ಕಲ್ಲಿನ ನೆಲದ ಮ್ಯಾಲ ಒಂದು ತಂಬಗಿ ನೀರು ಚೆಲ್ಲಿದ್ರ, ಆ ನೀರಿಗೆ ಯಾ ಕಡಿ ಹೋಗ್ಬೇಕಂತ ತಿಳಿಯಂಗಿಲ್ಲ. ಇದ್ದಲ್ಲೇ ನಿಂತು ವಿಚಾರ ಮಾಡ್ತದ. ಅಂಥಾ ಲೆವೆಲ್. ನನ್ನ ಹೆಸರು ಮಲ್ಲಣ್ಣ, ಕೆಲಸ ಗೌಂಡಿ. ಶಹಾಬಾದ ಕಲ್ಲು ಹಾಸೋದ್ರಾಗ ಮಲ್ಲಣ್ಣನ ಕೈ ಮತ್ಯಾರಿಗೂ ಇಲ್ಲ ಅಂತ ಮಂದಿ ಅಂತಾರ. ಮಂದಿ ಅನ್ನದಿದ್ದಾಗ ನಾನೇ ಅಂತೀನಿ. ಬಚ್ಚಲದಾಗೂ ನೀರು ಹೊರಗ ಹೋಗವಲ್ದು ಅಂತ ಒಂದಿಬ್ಬರು ತಕರಾರು ತಗದಿದ್ದರು, ಅದು ಬ್ಯಾರೆ ಮಾತು.

ಇಂಥಾ ನನಗ ಬೆಣ್ಣಿ ಅನ್ನೋ ಒಂದು ಮೊಲ ಒಪ್ಪಿಸಿ ಹೋಗಲಾಕ ನನ್ನ ಹೆಂಡ್ತಿ ಸುವರ್ಣ ಹಿಂದ ಮುಂದ ನೋಡಿದಳು ಅಂದ್ರ ಸಿಟ್ಟು ಬರ್ತದೋ ಇಲ್ಲೋ ನೀವೇ ಹೇಳ್ರಿ. ಆಕಿ ಅಕ್ಕಗ ಚಿಂಚೋಳ್ಯಾಗ ಕಣ್ಣಿನ ಆಪರೇಷನ್ ಇತ್ತು. ಬ್ಯಾಗು ಹೆಗಲಿಗೆ ಹಾಕ್ಕೊಂಡು ಬಾಗಲದಾಗ ನಿಂತು, "ರೀ, ಬೆಣ್ಣಿಗೆ ಮುಂಜಾನಿ ಒಣ ಹುಲ್ಲು, ಸಂಜಿಗೆ ಮೆಂತಿ. ನೀರು ಬದಲಿ ಮಾಡ್ರಿ. ಎಲ್ಲಾಕ್ಕಿಂತ ಹೆಚ್ಚು, ನಿಮ್ಮ ಬುದ್ಧಿ ಓಡಿಸಬ್ಯಾಡ್ರಿ" ಅಂದಳು.

"ಅರ್ಧ ಊರಿನ ನೆಲ ಸಂಭಾಳಿಸಿದವ ನಾನು. ಅಂಗೈಯಷ್ಟು ಮೊಲ ಸಂಭಾಳಿಸಂಗಿಲ್ಲೇನು?" ಅಂದೆ.

ಆಕಿ ಬಗ್ಗಿ ಮೊಲದ ಕಿವ್ಯಾಗ ಏನೋ ಹೇಳಿ ಹೋದಳು. ನನ್ನ ಸಂಬಂಧವೇ ಹೇಳಿರಬೇಕು.

ಈ ಬೆಣ್ಣಿ ಬರೇ ಮೊಲ ಅಲ್ಲ. ಮಗಳ ಮದಿವಿ ಮಾಡಿ ಚಿತ್ತಾಪುರಕ್ಕ ಕಳಿಸಿದ ಮ್ಯಾಲ ಸುವರ್ಣ ಮಾತು ಬಿಟ್ಟುಬಿಟ್ಟಿದ್ದಳು. ರೊಟ್ಟಿ ಬಡಿಯೋ ಆವಾಜ್ ಒಂದು ಬಿಟ್ರ ಮನ್ಯಾಗ ಮತ್ತೊಂದು ಸಪ್ಪಳ ಇರ್ತಿರಲಿಲ್ಲ. ಅಳಿಯ ಒಂದು ದಿನ ಈ ಬಿಳಿ ಮೊಲ ತಂದು ಆಕಿ ಉಡ್ಯಾಗ ಇಟ್ಟ. ಅವತ್ತಿಂದ ಮನ್ಯಾಗ ಮತ್ತ ಮಾತು ಸುರು ಆದ್ವು. ನನ್ನ ಜೋಡಿ ಅಲ್ಲ, ಮೊಲದ ಜೋಡಿ. ಆದ್ರೂ ಕೇಳ್ಲಾಕ ನನಗ ಅಡ್ಡಿ ಇರಲಿಲ್ಲ.

ಆಕಿ ಹೋದ ಮರುದಿನ ಮುಂಜಾನಿ ಬೆಣ್ಣಿ ತಲಿ ಎಡಕ್ಕ ವಾಲಿಸಿ ಕುಂತಿತ್ತು. ಏನೋ ಕೇಳ್ಲಾಕತ್ತದ ಅಂದುಕೊಂಡೆ. "ಏನವ್ವ?" ಅಂತ ನಾನೂ ತಲಿ ಎಡಕ್ಕ ವಾಲಿಸಿದೆ. ಭಾಳ ಹೊತ್ತು ಹಂಗೇ ಇಬ್ಬರೂ ಒಬ್ಬರ ಮಾರಿ ಒಬ್ಬರು ನೋಡಿದೆವು. ನನ್ನ ಕುತ್ತಿಗಿ ನೋಯ್ತು, ನಾನು ನೆಟ್ಟಗಾದೆ. ಬೆಣ್ಣಿ ಆಗಲಿಲ್ಲ. ಎದ್ದು ನಾಕು ಹೆಜ್ಜಿ ಇಟ್ಟಿತು, ಎಡಕ್ಕ ಜೋಲಿ ಹೊಡೀತು, ಗ್ವಾಡಿಗೆ ಆನಿಕೊಂಡು ನಿಂತಿತು.

ಬ್ಯಾರೆ ಯಾರಾದ್ರೂ ಆಗಿದ್ರ ಮೊಲಕ್ಕ ಏನೋ ಆಗ್ಯಾದ ಅಂತಿದ್ದರು. ನಾ ಗೌಂಡಿ. ಒಂದು ಪ್ರಾಣಿ ಪದೇ ಪದೇ ಒಂದೇ ಕಡಿ ವಾಲ್ತದ ಅಂದ್ರ ಅದರ ಅರ್ಥ ಒಂದೇ. ನೆಲ ಕುಸಿದದ. ಮನಿ ಮುಂದ ಹಗಲೆಲ್ಲ ಸಿಮೆಂಟ್ ಲಾರಿ ಓಡಾಡ್ತಾವ, ನೆಲ ಅದರಿ ಕಲ್ಲು ಇಳಿದಿರಬೇಕು. ಮೂಕ ಪ್ರಾಣಿಗೆ ಮೊದಲ ತಿಳಿದದ. ನನ್ನ ಮನಿ ನೆಲ ಕುಸೀತು ಅನ್ನೋ ಸುದ್ದಿ ಊರಾಗ ಹಬ್ಬಿದ್ರ ಮಾರಿ ಎಲ್ಲಿಡಲಿ?

ತಕ್ಷಣ ಸ್ಥಳ ಪರಿಶೀಲನೆ ಕೈಗೊಂಡೆ. ರಸಮಟ್ಟ ಇಟ್ಟು ನೋಡಿದೆ. ಅದರೊಳಗಿನ ಗುಳ್ಳಿ ಬರೋಬ್ಬರಿ ನಡುವ ನಿಂತಿತ್ತು. ಅಂದ್ರ ರಸಮಟ್ಟ ಕೆಟ್ಟದ ಅಂತ ತೀರ್ಮಾನ ಮಾಡಿದೆ. ಲೆವೆಲ್ ಪೈಪ ತಂದೆ. ಪಾರದರ್ಶಕ ಪೈಪಿನ್ಯಾಗ ನೀರು ತುಂಬಿ ಈ ಮೂಲಿಗೊಂದು ತುದಿ, ಆ ಮೂಲಿಗೊಂದು ತುದಿ ಹಿಡಿದ್ರ ಎರಡೂ ಕಡಿ ನೀರು ಒಂದೇ ಎತ್ತರಕ್ಕ ನಿಲ್ತದ, ನೀರು ಸುಳ್ಳು ಹೇಳಂಗಿಲ್ಲ. ಅದೂ ಸರಿ ತೋರಿಸ್ತು. ಈಗ ನನ್ನ ಸಂಶಯ ಖಾತ್ರಿ ಆಯ್ತು. ಮ್ಯಾಲ ಸರಿ ಅದ, ತಳದಾಗ ಟೊಳ್ಳಾಗ್ಯಾದ!

ಕಬ್ಬಿಣದ ಹಾರಿ ತಗೊಂಡು ಒಂದು ಕಲ್ಲು ಎಬ್ಬಿಸಿದೆ. ತಳದಾಗ ಉಸುಕು ಗಟ್ಟಿ ಇತ್ತು. ಮಗ್ಗಲದ್ದು ಎಬ್ಬಿಸಿದೆ. ಅಲ್ಲೂ ಗಟ್ಟಿ. ಟೊಳ್ಳು ಮುಂದ ಮುಂದ ಓಡ್ಲಾಕತ್ತದ ಅಂತ ನಾನೂ ಅದರ ಬೆನ್ನು ಹತ್ತಿದೆ. ಸಂಜಿ ಅನ್ನೋದ್ರಾಗ ಪಡಸಾಲ್ಯಾಗ ಒಂದು ಕಲ್ಲೂ ಉಳೀಲಿಲ್ಲ.

ಮರುದಿನ ಮುಂಜಾನಿ ಮಗ್ಗಲ ಮನಿ ಶರಣಮ್ಮ ಆಯಿ ಹಣಿಕಿ ಹಾಕಿದಳು. "ಮಲ್ಲಣ್ಣ, ನಿಧಿ ಸಿಕ್ತೇನೋ ಯಪ್ಪಾ?"

"ಇಲ್ಲ ಆಯಿ, ಮೊಲ ವಾಲ್ಯಾದ."

ಆಯಿ ಉಸುಕು ದಾಟಿ ಒಳಗ ಬಂದಳು. ನಾ ಬೆಣ್ಣಿಗೆ ಅಡುಗಿ ಮನ್ಯಾಗ ಒಂದು ಗೋಣಿಚೀಲ ಹಾಸಿ ಕುಂದ್ರಿಸಿದ್ದೆ. ಆಯಿ ನೋಡಿ, "ಇದಕ್ಕ ನದರ ಆಗ್ಯಾದೋ. ಇಷ್ಟು ಬೆಳ್ಳಗ ಇದ್ರ ಮತ್ತೇನಾಗ್ತದ?" ಅಂದು, ನಾ ಬ್ಯಾಡ ಅನ್ನೂದ್ರೊಳಗ ಮೆಣಸಿನಕಾಯಿ, ಉಪ್ಪು ನಿವಾಳಿಸಿ ಕೆಂಡಕ್ಕ ಹಾಕೇಬಿಟ್ಟಳು. ನದರ ಇದ್ರ ಘಾಟು ಬರಂಗಿಲ್ಲ ಅಂತಾರ. ಬಂದ ಘಾಟಿಗೆ ನಾ ಕೆಮ್ಮಿದೆ, ಆಯಿ ಕೆಮ್ಮಿದಳು, ರಸ್ತಾದಾಗ ಹೊಂಟ ಲಾರಿ ಡ್ರೈವರ್ ಕೆಮ್ಮಿದ.

"ನದರ ಇಲ್ಲ ಬಿಡು" ಅಂದಳು ಆಯಿ ಕಣ್ಣೊರಸಿಕೊಂತ.

ಬೆಣ್ಣಿ ಸೀನಿತು. ಸೀನಿದ್ದೇ ತಡ ಮಗ್ಗಲಕ್ಕ ಬಿತ್ತು, ಒಂದು ಉರುಳು ಉರುಳಿತು, ಮತ್ತೊಂದು ಉರುಳಿತು. ಎತ್ತಿ ಹೊರಗ ಓಡಿದೆ. ಕೈಯಾಗ ಅದರ ಎದಿ ಡವಡವ ಅಂತಿತ್ತು, ಕಣ್ಣು ಗುಡ್ಡಿ ಅತ್ತ ಇತ್ತ ಹರಿದಾಡ್ತಿದ್ವು. ನಿನ್ನಿ ಸಂಜಿ ಹಾಕಿದ ಮೆಂತಿ ಮುಟ್ಟಿರಲಿಲ್ಲ ಅನ್ನೋದು ಆಗ ಲಕ್ಷ್ಯಕ್ಕ ಬಂತು. ನೆಲ ಅಗಿಯೋ ಗದ್ದಲದಾಗ ನಾ ನೋಡೇ ಇರಲಿಲ್ಲ. ನನಗ ಖರೇನೇ ಅಂಜಿಕಿ ಬಂತು. ಇದಕ್ಕೇನಾದ್ರೂ ಆದ್ರ ಮನಿ ಮತ್ತ ಮೊದಲಿನಂಗ ಮೂಕ ಆಗ್ತದಲ್ಲ ಅನಿಸ್ತು.

ಆವಾಗಲೇ ಫೋನ್ ಬಡಕೊಂತು. ಸುವರ್ಣ. ವಿಡಿಯೋ ಕಾಲ್.

"ಬೆಣ್ಣಿಗೆ ತೋರಿಸ್ರಿ."

ಆಪತ್ತಿನಾಗ ಬುದ್ಧಿ ಚುರುಕಾಗ್ತದ ಅಂತಾರ, ನಂದೂ ಆಯ್ತು. ಬೆಣ್ಣಿಗೆ ಮತ್ತ ಒಳಗ ಒಯ್ದು ಅಡುಗಿ ಮನಿ ಗ್ವಾಡಿಗೆ ಆನಿಸಿ ಕುಂದ್ರಿಸಿದೆ. ತಲಿ ಎಷ್ಟು ವಾಲಿತ್ತೋ ಅಷ್ಟೇ ಫೋನೂ ವಾಲಿಸಿ ಹಿಡಿದೆ. ಪರದೆ ಮ್ಯಾಲ ಬೆಣ್ಣಿ ಸರದಾರನಂಗ ನೆಟ್ಟಗ ಕುಂತಿತ್ತು. ನನ್ನ ಕಲಾಕೌಶಲ್ಯಕ್ಕ ನಾನೇ ಬೆರಗಾದೆ.

"ಬೆಣ್ಣಿ ಬರೋಬ್ಬರಿ ಅದಾಳಲ್ಲ" ಅಂದಳು ಸುವರ್ಣ. ಜರಾ ತಡದು, "ಹಿಂದಿನ ಬಸವಣ್ಣನ ಫೋಟೋ ಯಾಕ ವಾಲ್ಯಾದ?"

"ಮೊಳಿ ಸಡಿಲಾಗ್ಯಾದ."

"ಕ್ಯಾಲೆಂಡರ್?"

"ಗಾಳಿ."

"ಬಾಗಲಾ?"

ಬಾಗಲಾ ವಾಲಲಾಕ ನನ್ನ ಹತ್ರ ಕಾರಣ ಇರಲಿಲ್ಲ. "ನೆಟ್‌ವರ್ಕ್ ಸರಿ ಇಲ್ಲ" ಅಂದೆ.

"ನೆಟ್‌ವರ್ಕ್ ಹೋದ್ರ ಆವಾಜ್ ಕಟ್ ಆಗ್ತದ್ರಿ, ಮನಿ ವಾಲಂಗಿಲ್ಲ. ಫೋನ್ ನೆಟ್ಟಗ ಹಿಡೀರಿ."

ಹಿಡಿದೆ. ಮನಿ ನೆಟ್ಟಗಾಯ್ತು, ಮೊಲ ವಾಲಿತು. ಸುವರ್ಣ, "ದನದ ದವಾಖಾನಿಗೆ ಒಯ್ರಿ. ಅಕ್ಕಗ ಪಟ್ಟಿ ಬಿಚ್ಯಾರ, ನಾ ಈಗಿನ ಬಸ್ಸಿಗೇ ಹೊಂಟೆ" ಅಂದು ಇಟ್ಟಳು. ಬೈಲಿಲ್ಲ. ಅದಕ್ಕೇ ಹೆಚ್ಚು ಅಂಜಿಕಿ ಆಯ್ತು.

ಸಿಮೆಂಟ್ ಹೊರೋ ಬುಟ್ಟಿ ತೊಳದು, ಟವೆಲ್ ಹಾಸಿ, ಬೆಣ್ಣಿಗೆ ಮಲಗಿಸಿಕೊಂಡು ದವಾಖಾನಿಗೆ ಓಡಿದೆ. ಅಲ್ಲಿ ಆಡು, ಹೋರಿ ಎಲ್ಲಾ ಪಾಳಿ ಹಚ್ಚಿದ್ವು. ನನ್ನ ಮುಂದ ಕುರಕುಂಟಾ ಊರಿನ ರೈತ ಒಬ್ಬ ಎಮ್ಮಿ ಹಿಡಕೊಂಡು ನಿಂತಿದ್ದ. ಬುಟ್ಟಿ ಹಣಿಕಿ ನೋಡಿ, "ನೀವು ಮೊದಲ ಹೋಗ್ರಿ. ನಮ್ಮ ಎಮ್ಮಿ ನಿಂತಾದರೂ ನಿಂತದ, ನಿಮ್ಮದು ನಿಂದ್ರಲಾಕೂ ಒಲ್ಲದು" ಅಂದು ಜಾಗ ಬಿಟ್ಟ. ಅವನ ಎಮ್ಮಿ ನೂರು ವರ್ಷ ಹಾಲು ಕೊಡಲಿ.

ಡಾಕ್ಟರ್ ಮೇಡಂ ಸಣ್ಣ ವಯಸ್ಸಿನಾಕಿ. "ಏನಾಗ್ಯಾದ್ರಿ?" ಅಂದಳು.

ನಾ ಲಾರಿಯಿಂದ ಸುರು ಮಾಡಿ ರಸಮಟ್ಟ, ಲೆವೆಲ್ ಪೈಪ, ಟೊಳ್ಳು, ಪಡಸಾಲಿ, ಎಲ್ಲಾ ಸವಿಸ್ತಾರವಾಗಿ ನಿವೇದಿಸಿಕೊಂಡೆ. ಆಕಿ ಪೂರಾ ಕೇಳಿ, "ನೆಲದ್ದು ತಿಳೀತು. ಮೊಲದ್ದು ಹೇಳ್ರಿ" ಅಂದಳು.

ಕಿವ್ಯಾಗ ಬ್ಯಾಟರಿ ಬಿಟ್ಟು ನೋಡಿದಳು. ಆಮ್ಯಾಲ ಕೇಳಿದಳು, "ನಿಮ್ಮ ಲೆವೆಲ್ ಪೈಪಿನ್ಯಾಗ ಗಾಳಿ ಗುಳ್ಳಿ ಹೊಕ್ಕರ ಏನಾಗ್ತದ?"

"ಸುಳ್ಳು ತೋರಿಸ್ತದ್ರಿ. ನೆಲ ಸರಿ ಇದ್ರೂ ಸೊಟ್ಟ ಅಂತದ."

"ಎಲ್ಲಾ ಪ್ರಾಣಿ ಕಿವಿಯೊಳಗೂ ಅಂಥಾದ್ದೇ ಒಂದು ಪೈಪ ಇರ್ತದ್ರಿ, ಅದರಾಗೂ ನೀರು ಇರ್ತದ. ಇದಕ್ಕ ಒಳಗಿವ್ಯಾಗ ಕೀವಾಗಿ ಲೆವೆಲ್ ತಪ್ಯಾದ. ಪಾಪ, ಅದಕ್ಕ ಭೂಮಿನೇ ತಿರುಗಿದಂಗ ಆಗ್ಲಾಕತ್ತದ."

ಇಡೀ ಪಡಸಾಲಿ ಅಗದು ಹುಡುಕಿದ ದೋಷ ಆ ಕಿವಿಯೊಳಗ ಇತ್ತು.

"ಉಳೀತದೇನ್ರಿ ಮೇಡಂ?"

"ಔಷಧ ಕೊಡ್ತೀನಿ. ತಲಿ ಪೂರಾ ನೆಟ್ಟಗ ಆಗ್ತದಂತ ಹೇಳಲಾಕ ಬರಂಗಿಲ್ಲ, ಜರಾ ವಾಲೇ ಉಳೀಬಹುದು. ಆದ್ರ ಮೊಲ ತಿನ್ನೋದು ಬಿಟ್ರ ಭಾಳ ಕಠಿಣ್ರಿ. ಇವತ್ತೇ ತಿನ್ನಬೇಕು. ತಾನಾಗೇ ತಿನ್ನಲಿಲ್ಲಂದ್ರ ಸೂಜಿ ಇಲ್ಲದ ಸಿರಿಂಜಿನಿಂದ ಅರದ ಸೊಪ್ಪು ಸ್ವಲ್ಪ ಸ್ವಲ್ಪ ಬಾಯಿಗೆ ಹಾಕ್ರಿ. ಇನ್ನೊಂದು, ನುಣುಪು ಪರಸಿ ಮ್ಯಾಲ ಬಿಡಬ್ಯಾಡ್ರಿ, ಜಾರಿ ಬೀಳ್ತದ."

"ಪರಸಿ ಈಗ ಇಲ್ರಿ" ಅಂದೆ.

ಮನಿಗೆ ಬಂದು ಮೆಂತಿ ಅರದು ಸಿರಿಂಜಿಗೆ ತುಂಬಿದೆ. ಬೆಣ್ಣಿ ಬಾಯಿ ಬಿಡಲಿಲ್ಲ. "ತಿನ್ನವ್ವ, ನಿನ್ನ ಕಾಲಿಗೆ ಬೀಳ್ತೀನಿ" ಅಂದೆ. ಉಸುಕಿನ್ಯಾಗ ಮಣಕಾಲು ಊರಿ ಕುಂತೇ ಇದ್ದೆ, ಬ್ಯಾರೆ ಬೀಳೋದು ಏನೂ ಉಳಿದಿರಲಿಲ್ಲ. ಅರದ ಮೆಂತಿ ನನ್ನ ಅಂಗಿ ಮ್ಯಾಲ ಹೋಯ್ತು, ಮೀಸಿ ಮ್ಯಾಲ ಹೋಯ್ತು, ಮೊಲದ ಹೊಟ್ಟಿಗೆ ಮಾತ್ರ ಹೋಗಲಿಲ್ಲ.

ಮಧ್ಯಾಹ್ನಕ್ಕ ಸುವರ್ಣ ಬಂದಳು. ಬಾಗಲದಾಗ ನಿಂತು ಒಟ್ಟಿದ ಕಲ್ಲು ನೋಡಿದಳು, ಗುಡ್ಡಿ ಬಿದ್ದ ಉಸುಕು ನೋಡಿದಳು, ಹಸಿರು ಮೀಸಿ ನೋಡಿದಳು. ಏನೂ ಅನ್ನದ ಹೋಗಿ ಬೆಣ್ಣಿ ಮುಂದ ಕುಂತು ಒಂದು ಹಿಡಿ ಮೆಂತಿ ಇಟ್ಟಳು. ಬೆಣ್ಣಿ ಮೂಸಲಿಲ್ಲ. ಸುವರ್ಣಾಳ ಕಣ್ಣು ತುಂಬಿದ್ವು.

"ಏನೇನು ಮಾಡೀರಿ, ಒಂದೂ ಬಿಡದ ಹೇಳ್ರಿ."

ಹೇಳಿದೆ. ಟೊಳ್ಳಿನ ಮಾತಿಗೆ ಬಂದಿದ್ದೇ ತಡ, ಆಕಿ ಸಿಟ್ಟಿನ ಕಟ್ಟಿ ಒಡೀತು.

"ಕುಣೀಲಾರದಾಕಿ ನೆಲ ಡೊಂಕ ಅಂದಳಂತ! ಇದು ಪಾಪ ಮೂಕ ಪ್ರಾಣಿ, ಏನೂ ಅಂದಿಲ್ಲ, ಇದರ ಪರವಾಗಿ ನೀವೇ ಅಂದೀರಿ! ತಲಿ ವಾಲಿದ್ರ ತಲಿ ನೋಡಬೇಕೋ, ಕಾಲ ಕೆಳಗಿನ ಕಲ್ಲು ನೋಡಬೇಕೋ? ನಾಳಿ ನನಗ ಚಕ್ಕರ್ ಬಂದ್ರ ನೀವು ಡಾಕ್ಟರಿಗೆ ಕರೀತೀರೋ, ಪಾಯಾ ಅಗೀತೀರೋ?"

ಕುರುಂ.

ಇಬ್ಬರೂ ಕೆಳಗ ನೋಡಿದೆವು. ಬೆಣ್ಣಿ ಬಾಯಾಗ ಮೆಂತಿ ಎಸಳು ಒಂದು ಒಳಗ ಹೋಗ್ಲಾಕತ್ತಿತ್ತು. ಸುವರ್ಣ ಖುಷಿಯಿಂದ ಮಾತು ನಿಲ್ಲಿಸಿದಳು. ಬೆಣ್ಣಿ ತಿನ್ನೋದು ನಿಲ್ಲಿಸ್ತು.

ನನಗ ತಿಳೀತು. ದಿನಾ ಆಕಿ ಮಾತಾಡಿಕೊಂತ ತಿನ್ನಿಸ್ತಿದ್ದಳು. ಈ ದನಿ ಕೇಳಿದ್ರನೇ ಅದಕ್ಕ ಊಟದ ಹೊತ್ತು.

"ಬೈಯಿ, ನಿಲ್ಲಿಸಬ್ಯಾಡ" ಅಂದೆ.

"ಏನಂತ ಬೈಲಿ?"

"ಏನಾದ್ರೂ. ನಿಮ್ಮ ಅಣ್ಣನ ಮನ್ಯಾಗ ನಾ ಹಾಸಿದ ಬಚ್ಚಲ ನೆಪ್ಪ ಅದೇನು?"

ಬಚ್ಚಲ ನೆಪ್ಪಾಗಿದ್ದೇ ಸಾಕಾಯ್ತು. ನಮ್ಮಣ್ಣ ಇವತ್ತಿಗೂ ಜಳಕ ಮಾಡಿ ನೀರು ಕಸಬರಿಗೀಲೆ ನೂಕ್ತಾನ ಅಂದಳು. ಕುರುಂ ಕುರುಂ. ಶರಣಮ್ಮ ಆಯಿ ಗದ್ದಲ ಕೇಳಿ ಬಂದು, "ನಮ್ಮನಿದೂ ಹಂಗೇ ಮಾಡ್ಯಾನವ್ವ" ಅಂತ ಕೈ ಜೋಡಿಸಿದಳು. ನಡುವ ನಡುವ ಸುವರ್ಣ ದಣಿದಾಗ ನಾನೇ ನನ್ನ ಪರಾಕ್ರಮ ಒಂದೊಂದು ನೆಪ್ಪ ಮಾಡಿಕೊಟ್ಟೆ. ಚಂದಂಗ ಮಾತಾಡಿದ್ರೂ ಬೆಣ್ಣಿ ತಿಂತಿತ್ತೋ ಏನೋ, ಅದನ್ನ ಪರೀಕ್ಷೆ ಮಾಡ್ಲಾಕ ಸುವರ್ಣ ತಯಾರಿರಲಿಲ್ಲ. ಹಿಡಿ ಮೆಂತಿ ಖಾಲಿ ಆಯ್ತು. ನನ್ನ ಕಣ್ಣಾಗ ನೀರು ಬಂತು. ಬೈಗುಳಕ್ಕಲ್ಲ, ಇಷ್ಟು ವರ್ಷದಾಗ ಬೈಸಿಕೊಂಡು ಇಷ್ಟು ಹಗುರ ನನಗ ಎಂದೂ ಆಗಿರಲಿಲ್ಲ.

ಔಷಧ ಹತ್ತಿತು. ಬೆಣ್ಣಿ ಉರುಳೋದು ಬಿಟ್ಟಿತು, ಓಡ್ಯಾಡ್ಲಾಕ ಹಚ್ಚಿತು. ತಲಿ ಮಾತ್ರ ಒಂಚೂರು ಎಡಕ್ಕೇ ಉಳೀತು, ಯಾವಾಗ್ಲೂ ಯಾರದೋ ಚಾಡಿ ಕೇಳಿದಂಗ. ನಾನೂ ಆ ಖುಷ್ಯಾಗ ಗಡಬಡಿಸಿ ಪಡಸಾಲಿ ಕಲ್ಲು ಮತ್ತ ಹಾಸಿದೆ. ಅಷ್ಟು ಖುಷ್ಯಾಗ ಯಾರು ಲೆವೆಲ್ ಹಿಡೀತಾರ? ಮುಗಿಸಿ ನೋಡಿದ್ರ ನೆಲ ಮೂಲಿ ಕಡಿ ಇಳಕಲ ಆಗಿತ್ತು. ಕಿತ್ತು ಮತ್ತ ಹಾಸ್ತೀನಿ ಅಂದೆ. "ಹಾರಿ ಮುಟ್ಟಿದ್ರ ನೋಡ್ರಿ" ಅಂದಳು ಸುವರ್ಣ. ಮ್ಯಾಲ ಒಂದು ಜಮಖಾನಿ ಹಾಸಿದಳು, ಮೊಲ ಜಾರಬಾರದಂತ.

ಮೊನ್ನಿ ಒಬ್ಬರು ಹೊಸಾ ಮನಿಗೆ ಪರಸಿ ಹಾಸಿಸಬೇಕಂತ, ನನ್ನ ಕೈಚಳಕದ ಹೆಸರು ಕೇಳಿ ಮನಿಗೇ ಬಂದರು. ಜಮಖಾನಿ ಒಗಿಯಲಾಕ ತಗದಿದ್ವಿ. ಸುವರ್ಣ ಚಾ ಕೊಟ್ಟಳು. ಕಪ್ಪಿನ ಬಸಿಯಿಂದ ಜರಾ ಚಾ ಚೆಲ್ಲಿತು. ಆ ಚಾಕ್ಕ ಯಾ ಕಡಿ ಹೋಗ್ಬೇಕಂತ ಚಂದಂಗ ತಿಳಿದಿತ್ತು. ವಿಚಾರ ಮಾಡದ ಸೀದಾ ಹರಕೊಂತ ಹೋಗಿ ಮೂಲ್ಯಾಗ ನಿಂತಿತು.

ಅವರು ಚಾ ನೋಡಿದರು, ನನ್ನ ನೋಡಿದರು. "ಇದು ನೀವೇ ಹಾಸಿದ್ದೇನ್ರಿ?"

"ಹೌದ್ರಿ, ಆದ್ರ ಅದು ಈ ಮೊಲದ ಸಲುವಾಗಿ ಆಗಿದ್ದು. ಅದರ ತಲಿ ವಾಲ್ಯಾದ್ರಿ, ನೀವೇ ನೋಡ್ರಿ" ಅಂತ ಮೂಲಿ ಕಡಿ ಕೈ ಮಾಡಿದೆ.

ಅವರು ನೋಡಿದರು. ಬೆಣ್ಣಿ ಆ ಇಳಕಲದಾಗ ಕುಂತು, ನೆಲದ ವಾಲು ತಲಿಯ ವಾಲಿಗೆ ಸರಿಹೋಗಿ, ಕೂದಲೆಳಿ ಕೂಡ ಆ ಕಡಿ ಈ ಕಡಿ ಇಲ್ಲದಂಗ ತಲಿ ನೆಟ್ಟಗ ಇಟ್ಟುಕೊಂಡು ಅವರನ್ನ ನೋಡ್ಲಾಕತ್ತಿತ್ತು. ಅವತ್ತು ನಮ್ಮ ಪಡಸಾಲ್ಯಾಗ ಲೆವೆಲ್ ಇದ್ದದ್ದು ಅದೊಂದೇ.