ಲಾಲಬಿ ಹಾಕಿಕೊಟ್ಟ ಟಾಯರು

ರಾತ್ರಿಯಿಡೀ ಮಳೆ ಬಿದ್ದಿತ್ತು. ಬೆಳಿಗ್ಗೆ ಸೈಕಲ್ಲು ಹೊರಗೆ ತೆಗೆದ ಜೈನುದ್ದೀನನಿಗೆ ಎರಡೂ ಟಾಯರುಗಳ ಆಯುಷ್ಯ ಮುಗಿದಿರುವುದು ಕಂಡಿತು. ಮುಂದಿನದು ನುಣ್ಣಗೆ ಬೋಳಾಗಿತ್ತು. ಹಿಂದಿನದರ ಸೀಳಿನಿಂದ ಟ್ಯೂಬು ನಾಲಿಗೆ ಚಾಚಿತ್ತು.

ಜೈನುದ್ದೀನ ಸಿಂದಗಿಯಲ್ಲಿ ಸರಕಾರದ ವತಿಯಿಂದ ಸಿಡುಬಿನ ಲಸಿಕೆ ಹಾಕುವವನು. ಅಂದು ದೇವಣಗಾಂವದ ಮಕ್ಕಳಿಗೆ ಲಸಿಕೆ ಹಾಕಬೇಕಿತ್ತು. ಪಕ್ಕದ ಊರಿನಲ್ಲಿ ಆಗಲೇ ಇಬ್ಬರಿಗೆ ಸಿಡುಬು ಎದ್ದಿತ್ತು. ಥರ್ಮಾಸಿನಲ್ಲಿದ್ದ ಮದ್ದು ಬಿಸಿಲೇರುವುದರೊಳಗೆ ಮಕ್ಕಳ ತೋಳು ಸೇರದಿದ್ದರೆ ನೀರಿಗೆ ಸಮ. ಸಾಲದ್ದಕ್ಕೆ ಜಿಲ್ಲೆಯ ದೊಡ್ಡ ಸಾಹೇಬರು ತಪಾಸಣೆಗೆಂದು ನಸುಕಿನಲ್ಲೇ ಜೀಪಿನಲ್ಲಿ ಆ ಕಡೆ ಹೋಗಿದ್ದರು.

ಅವನು ಸೈಕಲ್ಲು ನೂಕಿಕೊಂಡು ಲಾಲಬಿಯ ಅಂಗಡಿಗೆ ಬಂದ. ಗಂಡ ನಬಿಲಾಲ ಸೊಂಟ ಹಿಡಿದು ಮಲಗಿದ ಮೇಲೆ ಸೈಕಲ್ ಅಂಗಡಿಯನ್ನು ನಡೆಸುತ್ತಿದ್ದವಳು ಅವಳೇ. ಸೆರಗು ಸೊಂಟಕ್ಕೆ ಸಿಕ್ಕಿಸಿ ಗಾಲಿಯ ಮುಂದೆ ಕೂತಳೆಂದರೆ, ಸವೆದ ಟಾಯರಿನ ಮೇಲೆ ಒಮ್ಮೆ ಬೆರಳಾಡಿಸಿ, ಈ ಸೈಕಲ್ಲು ಯಾವ ದಾರಿಯಲ್ಲಿ ತಿರುಗಿದೆ, ಸವಾರ ಯಾವ ಕಡೆಗೆ ವಾಲಿ ಕೂಡುತ್ತಾನೆ ಎಂಬುದನ್ನೆಲ್ಲ ಹೇಳಿಬಿಡುತ್ತಿದ್ದಳು.

ಅವಳು ಬಾಯಿ ತೆರೆಯುವ ಮೊದಲೇ ಅಂಗಡಿಯ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ ಇಬ್ಬರು ಮಾತಿಗಿಳಿದರು. ಅಡತಿ ವ್ಯಾಪಾರಿ ಬಸಂತರಾಯ ಮನೆಯಿಂದ ಪೇಟೆಗೆ, ಪೇಟೆಯಿಂದ ಮನೆಗೆ ಬಿಟ್ಟರೆ ಬೇರೆ ಕಡೆ ಸೈಕಲ್ಲು ಹೊಡೆದವನಲ್ಲ. ತೆಳ್ಳನೆಯ ನುಣುಪು ಟಾಯರು ಹಾಕಿದರೆ ಬೆಣ್ಣೆಯಲ್ಲಿ ಚೂರಿ ಹೋದಂತೆ ಹೋಗುತ್ತದೆ ಎಂದ. ಜೈನುದ್ದೀನ ಹೌದೆಂದು ತಲೆಯಾಡಿಸಿದ. ಕಬ್ಬಿನ ತೋಟದ ರಾವಸಾಬನಿಗೆ ಸೈಕಲ್ಲು ಹತ್ತಲೇ ಬರುತ್ತಿರಲಿಲ್ಲ. ಆದರೆ ಅವನು ಸೊಲ್ಲಾಪುರದಲ್ಲಿ ಟ್ರ್ಯಾಕ್ಟರ್ ನೋಡಿ ಬಂದಿದ್ದ. ಎರೆಮಣ್ಣಿಗೆ ಮುಷ್ಟಿಗಾತ್ರದ ಗಂಟುಗಳಿರುವ ದಪ್ಪ ಟಾಯರೇ ಆಗಬೇಕೆಂದು ಗುಡುಗಿದ. ಜೈನುದ್ದೀನ ಅದಕ್ಕೂ ತಲೆಯಾಡಿಸಿದ.

ಲಾಲಬಿ ಇಬ್ಬರ ಮಾತನ್ನೂ ಕೇಳಿ ಮುಗಿಸಿದಳು.

"ದಾರಿ ಹೇಳು ತಮ್ಮಾ. ಟಾಯರ ಆಮ್ಯಾಲ ನೋಡೂಣು."

ಅವನು ಹೇಳಿದ. ಊರ ಹೊರಗೆ ಒಂದಿಷ್ಟು ಡಾಂಬರು, ಆಮೇಲೆ ಮೈಲುಗಟ್ಟಲೆ ಖಡಿ ಹಾಸಿದ ಕಲ್ಲುದಾರಿ, ಅದು ಮುಗಿದರೆ ಎರೆಹೊಲಗಳ ನಡುವಿನ ಗಾಡಿದಾರಿ, ಕೊನೆಗೆ ಭೀಮಾ ದಂಡೆಯ ಮರಳು. ಎಲ್ಲಿ ಇಳಿದು ನೂಕುತ್ತೀ, ಜಾಲಿಮುಳ್ಳು ಎಲ್ಲಿ ಬೀಳುತ್ತದೆ, ಹಿಂದೆ ಭಾರವೆಷ್ಟು ಎಂದು ಅವಳು ಕೇಳುತ್ತಲೇ ಹೋದಳು. ಹಕೀಮರು ನಾಡಿ ನೋಡುವಾಗಲೂ ಇಷ್ಟು ವಿಚಾರಿಸುತ್ತಿರಲಿಲ್ಲ. ಆದರೆ ಕಟ್ಟೆಯ ಮೇಲಿನ ಇಬ್ಬರೂ ದಿನಾ ಎದುರಾಗುವವರು. ಯಾರ ಮನಸ್ಸು ನೋಯಿಸಲೂ ಜೈನುದ್ದೀನನಿಗೆ ಧೈರ್ಯವಿರಲಿಲ್ಲ.

"ಇಬ್ರದೂ ಒಂದೊಂದು ಹಾಕ್ರಿ ಆಪಾ. ಮುಂದ ಬಸಂತರಾಯರದು, ಹಿಂದ ರಾವಸಾಬರದು."

ಲಾಲಬಿ ಒಮ್ಮೆ ಅವನ ಮುಖ ನೋಡಿ, ಆತು ಎಂದು ಸೈಕಲ್ಲನ್ನು ಒಳಗೆ ಒಯ್ದಳು. ಅರ್ಧ ತಾಸಿನ ಮೇಲೆ ಹೊರಗೆ ತಂದು ನಿಲ್ಲಿಸಿ, ಖಡಿ ಮುಗಿದ ಕೂಡಲೇ ಹತ್ತು ಎಣಿಸುವ ತನಕ ಎರಡೂ ಗಾಲಿಯ ಗಾಳಿ ಬಿಡಬೇಕೆಂದು ಮಾತ್ರ ಹೇಳಿದಳು. ಅವಸರದಲ್ಲಿ ಅವನು ಗಾಲಿಯ ಕಡೆ ನೋಡಲೂ ಇಲ್ಲ.

ಡಾಂಬರಿನ ಮೇಲೆ ಸೈಕಲ್ಲು ಸದ್ದಿಲ್ಲದೆ ಜಾರಿತು. ಅವನು ಬಸಂತರಾಯನನ್ನು ಮನಸ್ಸಿನಲ್ಲೇ ಹೊಗಳಿದ. ಖಡಿಯ ಮೇಲೂ ಹಲ್ಲು ಕಟಕಟ ಎನ್ನಲಿಲ್ಲ. ಗಾಳಿ ಬಿಡಲು ಬಗ್ಗಿದಾಗ ಅವನು ಮೊದಲ ಸಲ ಗಾಲಿಗಳನ್ನು ನೋಡಿದ. ಮುಂದಿನ ಟಾಯರು ನುಣುಪಾಗಿರಲಿಲ್ಲ; ಅದರ ಮೈತುಂಬ ಉದ್ದುದ್ದ ಗೆರೆಗಳಿದ್ದವು. ಹಿಂದಿನದರಲ್ಲಿ ಮುಷ್ಟಿಗಾತ್ರದ ಗಂಟುಗಳ ಬದಲು ಬಿಡಿಬಿಡಿಯಾದ ಸಣ್ಣ ಹಲ್ಲುಗಳು. ಹಿಂದಿನ ಮಡ್ಗಾರ್ಡಂತೂ ಮಾಯವಾಗಿತ್ತು. ಲಾಲಬಿ ಯಾರ ಮಾತನ್ನೂ ಕೇಳದೆ ತನಗೆ ಸರಿ ಕಂಡದ್ದನ್ನೇ ಹಾಕಿ ಕಳಿಸಿದ್ದಳು.

ಅವನು ಹತ್ತು ಎಣಿಸಿ ಗಾಳಿ ಬಿಟ್ಟ, ಬಿಸ್ಮಿಲ್ಲಾ ಎಂದು ಎರೆಮಣ್ಣಿಗೆ ಇಳಿದ. ಹಿಂದೆಲ್ಲ ಆ ಮಣ್ಣು ಗಾಲಿಗೂ ಮಡ್ಗಾರ್ಡಿಗೂ ನಡುವೆ ಗಾರೆಯಂತೆ ಕೂತು, ಅವನೇ ಸೈಕಲ್ಲನ್ನು ಹೊತ್ತು ನಡೆಯುತ್ತಿದ್ದ. ಇಂದು ಹಲ್ಲುಗಳ ಸಂದಿನಿಂದ ಮಣ್ಣು ತಾನಾಗಿ ಉದುರಿತು. ಉದುರಿದ್ದರಲ್ಲಿ ಅರ್ಧ ಅವನ ಬೆನ್ನಿಗೆ ಬಂತು, ಅದು ಬೇರೆ ಮಾತು. ಆ ಹೆಂಗಸಿನ ಕೈಗೆ ಸಾವಿರ ಸಲಾಮು ಎಂದುಕೊಂಡು ತುಳಿದ.

ಎರಡು ಮೈಲು ಹೋಗುವಷ್ಟರಲ್ಲಿ ದಾರಿಯ ನಡುವೆ ಸರಕಾರಿ ಜೀಪು ನೀರಿಗಿಳಿದ ಎಮ್ಮೆಯಂತೆ ಹೊಟ್ಟೆಯವರೆಗೆ ಹೂತು ಕೂತಿತ್ತು. ಡ್ರೈವರ್ ಶಂಕ್ರೆಪ್ಪ ಗುದ್ದಲಿ ಹಿಡಿದಿದ್ದ. ಸಾಹೇಬರು ಕಲ್ಲಿನ ಮೇಲೆ ನಿಂತಿದ್ದರು. ತೇಲಿದಂತೆ ಬರುತ್ತಿದ್ದ ಸೈಕಲ್ಲನ್ನು ಅವರು ಕಣ್ಣು ಕಿರಿದುಗೊಳಿಸಿ ನೋಡಿ, ತಮ್ಮ ಭಾರ ಇದು ತಡೆಯುತ್ತದೆಯೇ ಎಂದು ಕೇಳಿದರು.

ಮೂರು ಗೋಧಿ ಚೀಲದ ಭಾರದ ಸಾಹೇಬರನ್ನು ಕ್ಯಾರಿಯರಿನ ಮೇಲೆ ಕೂರಿಸಿಕೊಂಡು ಜೈನುದ್ದೀನ ತುಳಿದ. ತೊಡೆ ಹರಿದುಹೋಗುವಂತಾಯಿತು, ಗಾಲಿ ಮಾತ್ರ ಒಮ್ಮೆಯೂ ಹಿಂಜರಿಯಲಿಲ್ಲ. ಮರಳಿನಲ್ಲೂ ನಿಲ್ಲದೆ ಊರು ಸೇರಿದರು. ಸಾಹೇಬರ ಬಿಳಿ ಕೋಟಿನ ಬೆನ್ನ ಮೇಲೆ ಕೆಸರಿನ ನೀಟಾದ ಪಟ್ಟಿಯೊಂದು ಎಳೆದಂತಾಗಿತ್ತು. ಲಸಿಕೆಯೆಂದರೆ ಮಕ್ಕಳನ್ನು ಅಡಗಿಸುತ್ತಿದ್ದ ಹೆಂಗಸರು, ಸಾಹೇಬರನ್ನು ಹೊತ್ತು ತಂದ ಸೈಕಲ್ಲು ನೋಡಲು ಕೂಸುಗಳನ್ನು ಎತ್ತಿಕೊಂಡೇ ಬಂದರು. ಬಂದವರನ್ನು ಜೈನುದ್ದೀನ ಬಿಡಲಿಲ್ಲ. ಬಿಸಿಲೇರುವುದರೊಳಗೆ ಮದ್ದೆಲ್ಲ ಖರ್ಚಾಯಿತು. ಊರಿನ ಒಂದು ಮಗುವೂ ಲಸಿಕೆಯಿಲ್ಲದೆ ಉಳಿಯಲಿಲ್ಲ. ಸಾಹೇಬರು ಅವನ ಬೆನ್ನು ತಟ್ಟಿದರು.

ಆಮೇಲೆ ತಮಗೆ ಸಿಂದಗಿಯಲ್ಲಿ ವಿಜಾಪುರದ ಬಸ್ಸು ಹಿಡಿಯಬೇಕಾಗಿದೆ ಎಂದು ಹೇಳಿ ಅದೇ ಸೈಕಲ್ಲು ಹತ್ತಿ ಹೋದರು.

ಜೈನುದ್ದೀನ ಜೀಪಿನವರೆಗೆ ನಡೆದ. ಶಂಕ್ರೆಪ್ಪನೊಂದಿಗೆ ಮಣ್ಣು ಅಗೆದ, ನೂಕಿದ, ಹೊಲದವರ ಕೈಕಾಲು ಹಿಡಿದು ಎರಡು ಜೋಡಿ ಎತ್ತು ಕಟ್ಟಿಸಿದ. ಹೊತ್ತು ಮುಳುಗುವಾಗ ಸಿಂದಗಿ ಮುಟ್ಟಿ ಅಂಗಡಿಗೆ ಬಂದರೆ, ಬಸ್ಸು ತಪ್ಪಿಸಿಕೊಂಡ ಸಾಹೇಬರು ಕುರ್ಚಿಯ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಆ ಟಾಯರು ತಾನು ಹೇಳಿ ಹಾಕಿಸಿದ್ದೆಂದು ಬಸಂತರಾಯ ಒಂದು ಕಿವಿಗೆ, ರಾವಸಾಬ ಇನ್ನೊಂದು ಕಿವಿಗೆ ಹೇಳುತ್ತಿದ್ದರು.

ಸಾಹೇಬರ ತೊಡೆಯ ಮೇಲೆ ತಪಾಸಣೆಯ ವರದಿಯ ಕಾಗದವಿತ್ತು. ಅವರು ಖುಷಿಯಿಂದ ಓದಿ ಹೇಳಿದರು: ದೇವಣಗಾಂವದ ದಾರಿ ಮಳೆಗಾಲದಲ್ಲೂ ಅತ್ಯುತ್ತಮವಾಗಿದೆ, ಸ್ವತಃ ಸೈಕಲ್ಲಿನಲ್ಲಿ ಬಂದು ನೋಡಿದ್ದೇನೆ. ಆದ್ದರಿಂದ ಆ ಭಾಗಕ್ಕೆ ಇನ್ನೊಬ್ಬ ನೌಕರನ ಅಗತ್ಯವಿಲ್ಲ. ನದಿದಂಡೆಯ ಇನ್ನೂ ಒಂಬತ್ತು ಹಳ್ಳಿಗಳನ್ನು ಜೈನುದ್ದೀನನೇ ನೋಡಿಕೊಳ್ಳತಕ್ಕದ್ದು.

ಜೈನುದ್ದೀನನ ಮುಖ ನೋಡಲಾರದೆ ಲಾಲಬಿ ಎದ್ದು ನಿಂತಳು.

"ರಸ್ತಾ ಚಲೋ ಇಲ್ರಿ ಸಾಹೇಬ್ರ. ಟಾಯರ ಚಲೋ ಅದಾವ."

ಸಾಹೇಬರು ನ್ಯಾಯವಂತರು. ಸ್ವಲ್ಪ ಯೋಚಿಸಿ, ನೀವು ಹೇಳುವುದು ಖರೆ ಎಂದು ಒಪ್ಪಿದರು. ದಾರಿಯ ಕುರಿತ ಸಾಲನ್ನು ಹೊಡೆದುಹಾಕಿ, ಈ ಟಾಯರಿನ ಮೇಲೆ ಎಂಥ ದಾರಿಯಲ್ಲಾದರೂ ಹೋಗಬಹುದು ಎಂದು ಬರೆದರು. ಹಾಗಿದ್ದ ಮೇಲೆ ಒಂಬತ್ತೇ ಯಾಕೆಂದು ಹದಿನಾಲ್ಕು ಮಾಡಿದರು. ಆಮೇಲೆ ಪೆನ್ನು ಎತ್ತಿ ಹಿಡಿದು ಕೇಳಿದರು:

"ಎಷ್ಟು ದಿನ ಬಾಳಿಕಿ ಬರ್ತಾವ ಇವು?"

ಲಾಲಬಿ ಜೈನುದ್ದೀನನ ಕಡೆ ನೋಡಿದಳು. ಒಂದು ತಿಂಗಳು ಎಂದರೆ ಅವನು ಬದುಕಿಕೊಳ್ಳುತ್ತಿದ್ದ. ಅವಳ ತುಟಿ ಒಮ್ಮೆ ಅಲುಗಾಡಿತು ಕೂಡ. ಆದರೆ ತಾನು ಆರಿಸಿದ ಮಾಲಿನ ಬಗ್ಗೆ ಸುಳ್ಳು ಹೇಳಲು ಅವಳಿಗೆ ಬಾಯಿ ಬರಲಿಲ್ಲ.

"ಮೂರು ವರ್ಷ ಚಿಂತಿ ಇಲ್ರಿ," ಎಂದಳು.

ಸಾಹೇಬರು ಹಾಗೆಯೇ ಬರೆದುಕೊಂಡು ಕೆಳಗೆ ಸಹಿ ಹಾಕಿದರು.