ಸುನಂದಾ ಒಪ್ಪಿಬಿಟ್ಟಳು

ಸುನಂದಾ 'ಆಯ್ತು' ಅಂದಳು. ದ್ವಾರಕನಾಥನ ನೆಮ್ಮದಿ ಕೆಟ್ಟದ್ದು ಅಲ್ಲಿಂದ.

ಕಡಲಾಚೆಯ ಟ್ಯಾಂಪಿನೀಸ್‌ನ ಒಂದೇ ಫ್ಲ್ಯಾಟಿನಲ್ಲಿ ಇಪ್ಪತ್ತೆರಡು ವರ್ಷ ಸಂಸಾರ ಮಾಡಿದವನು ಅವನು. ಅಷ್ಟರಲ್ಲಿ ಅವನು ಮಂಡಿಸಿದ ಮಹಾಯೋಜನೆಗಳು ಒಂದೆರಡಲ್ಲ. ಕಿಟಕಿಯಲ್ಲಿ ಜೇನು ಸಾಕುವುದು, ಕಟ್ಟಡದ ಕೆಳಗೆ ಖಾಲಿ ಬಿಟ್ಟ ವಾಯ್ಡ್ ಡೆಕ್ಕಿನಲ್ಲಿ ಪ್ರಾಣಾಯಾಮ ಪೀಠ ಸ್ಥಾಪಿಸುವುದು, ಸೈಕಲ್ಲಿನಲ್ಲಿ ಮೈಸೂರಿಗೆ ಹೋಗುವುದು. ಪ್ರತಿ ಸಲವೂ ಸುನಂದಾ ಸೌಟು ಕೆಳಗಿಡದೆ "ಸುಮ್ನೆ ಕೂತ್ಕೊಳ್ರೀ" ಅನ್ನುತ್ತಿದ್ದಳು. ಅವನು ಕೂರುತ್ತಿದ್ದ. ಆಮೇಲೆ ವರ್ಷಗಟ್ಟಲೆ, "ನೀನು ಬಿಟ್ಟಿದ್ರೆ ನಾನು ಎಲ್ಲೋ ಇರ್ತಿದ್ದೆ" ಎಂದು ಹಂಗಿಸಬಹುದಿತ್ತು. ಈ ಏರ್ಪಾಡು ಇಬ್ಬರಿಗೂ ಒಗ್ಗಿತ್ತು.

ಆ ಧೈರ್ಯದ ಮೇಲೆಯೇ ಅವನು ಒಂದು ಭಾನುವಾರ ಘೋಷಿಸಿದ. "ಫ್ಲ್ಯಾಟ್ ಸೇಲ್ ಮಾಡಿಬಿಡೋಣ. ಮೋಟರ್‌ಹೋಮ್ ತಗೊಂಡು ಗಡಿಯಾಚೆ ಜೊಹೋರ್ ದಾಟಿ ಹೊರಟುಬಿಡೋಣ. ನಾನು, ನೀನು, ಒಬ್ಬಟ್ಟು, ಗೊಜ್ಜು. ಫುಲ್ ಟೈಮ್ ಗಾಡೀಲೇ ಸಂಸಾರ." (ಒಬ್ಬಟ್ಟು ನಾಯಿ, ಗೊಜ್ಜು ಬೆಕ್ಕು. ಹೆಸರಿಟ್ಟವಳು ಮಗಳು ಧೃತಿ. ಎರಡರಲ್ಲಿ ಯಾವುದೂ ಹೆಸರಿಗೆ ತಕ್ಕಷ್ಟು ಮೃದುವಲ್ಲ.)

ಸುನಂದಾ ಸೌಟು ಕೆಳಗಿಟ್ಟಳು. "ಆಯ್ತು," ಅಂದಳು.

"ಆಯ್ತು ಅಂದ್ರೆ?"

"ಆಯ್ತು ಅಂದ್ರೆ ಆಯ್ತು. ಮೊದಲು ಸಾಮಾನು ಕಮ್ಮಿ ಮಾಡಿ. ಗಾಡಿ ವಿಷ್ಯ ಆಮೇಲೆ ನೋಡೋಣ."

ಅತಿ ವಿನಯಂ ಧೂರ್ತ ಲಕ್ಷಣಂ. ದ್ವಾರಕನಾಥನಿಗೆ ಊಟ ಸೇರಲಿಲ್ಲ. ಅಸಲಿಗೆ ಅವನಿಗೆ ಮನೆ ಬಿಡುವ ಇರಾದೆ ಎಳ್ಳಷ್ಟೂ ಇರಲಿಲ್ಲ. ಬಸ್ಸಿನಲ್ಲಿ ಪಕ್ಕದ ಬಿಡಾಕ್‌ವರೆಗೆ ಹೋದರೇ ಹೊಟ್ಟೆ ತೊಳಸುವ ಮನುಷ್ಯ ಅವನು. ಆದರೆ ತಾನೇ ಆಡಿದ ಮಾತನ್ನು ತಾನೇ ನುಂಗುವುದು ಹೇಗೆ? ಬೇಡ ಅನ್ನಬೇಕಾದದ್ದು ಅವಳ ಇಲಾಖೆ.

ಇವಳು ಯಾಕೆ ಒಪ್ಪಿದಳು? ಅವನು ಪತ್ತೇದಾರಿಕೆಗೆ ಇಳಿದ. ಫೋನನ್ನು ಮಗುಚಿ ಇಡುತ್ತಿದ್ದಳು. ಚಪಾತಿ ಲಟ್ಟಿಸುತ್ತ ಗುನುಗುತ್ತಿದ್ದಳು. ಪಕ್ಕದ ಬ್ಲಾಕಿನ ಕಾಮಾಕ್ಷಿ ಆಂಟಿಯ ಹತ್ತಿರ ಲಿಫ್ಟಿನ ಮುಂದೆ ಪಿಸುಗುಟ್ಟಿ, ಇವನನ್ನು ಕಂಡ ಕೂಡಲೇ ಕೊತ್ತಂಬರಿ ಸೊಪ್ಪಿನ ವಿಷಯಕ್ಕೆ ಜಾರಿದಳು. ನನ್ನನ್ನೂ ನಾಯಿ ಬೆಕ್ಕನ್ನೂ ಗಾಡಿ ಹತ್ತಿಸಿ ಇವಳು ತವರಿಗೆ ಹಾರುತ್ತಾಳೋ ಎಂಬ ಗುಮಾನಿ ಹುಟ್ಟಿ ಅವಳ ಸೂಟ್‌ಕೇಸ್ ತೆಗೆದು ನೋಡಿದ. ಅದರಲ್ಲಿ ಅವನದೇ ಹಳೆಯ ಸ್ವೆಟರುಗಳಿದ್ದವು.

ಬುಧವಾರ ಒಬ್ಬ ಟೇಪು ಹಿಡಿದು ಬಂದ. "ಯಾರಿವರು?" ಎಂದರೆ "ಅಳತೆ ತಗೊಳ್ಳೋಕೆ ಬಂದಿದಾರೆ" ಅಂದಳು. ಆತ ಉದ್ದಗಲ ಬರೆದುಕೊಂಡು, ದ್ವಾರಕನಾಥನತ್ತ ಕನಿಕರದಿಂದ ನೋಡಿ ಹೋದ. ಮನೆ ಕೊಳ್ಳುವವನ ಕಡೆಯವನೇ ಇರಬೇಕು.

ಇತ್ತ ಸಾಮಾನು ಕಮ್ಮಿ ಮಾಡದೆ ಗತ್ಯಂತರವಿರಲಿಲ್ಲ. ಮಾಡದಿದ್ದರೆ ಬಣ್ಣ ಬಯಲಾಗುತ್ತಿತ್ತು. ಅಲ್ಲಿನ ಫ್ಲ್ಯಾಟುಗಳಲ್ಲಿ ಯುದ್ಧ ಬಂದರೆ ಅವಿತುಕೊಳ್ಳಲೆಂದು ಉಕ್ಕಿನ ಬಾಗಿಲಿನ ಪುಟ್ಟ ಕೋಣೆಯೊಂದಿರುತ್ತದೆ. ದ್ವಾರಕನಾಥನ ಮನೆಯಲ್ಲಿ ಅದು ಅವನ ಸಾಮ್ರಾಜ್ಯ. ಯುದ್ಧ ಬಂದಿದ್ದರೆ ಒಳಗೆ ಇರುವೆಗೂ ಆಶ್ರಯ ಸಿಗುತ್ತಿರಲಿಲ್ಲ. ಮೂರು ಕೆಟ್ಟ ಪ್ರಿಂಟರ್, ಇಪ್ಪತ್ತೆರಡು ವರ್ಷದಲ್ಲಿ ಕೊಂಡ ಪ್ರತಿಯೊಂದು ವಸ್ತುವಿನ ರಟ್ಟಿನ ಡಬ್ಬ (ವಾರಂಟಿಗೆ ಬೇಕಾಗುತ್ತದೆ), ಈಗ ಯೂನಿವರ್ಸಿಟಿಗೆ ಹೋಗುವ ಧೃತಿಯ ತಳ್ಳುಗಾಡಿ. ಒಂದೊಂದನ್ನೂ ಎತ್ತಿ ಹಿಡಿದು, "ಇದನ್ನೂ ಬಿಸಾಕ್ಲಾ?" ಎಂದು ಆಸೆಯಿಂದ ಕೇಳಿದ.

"ಗಾಡೀಲಿ ಹಿಡಿಯತ್ತಾ?" ಎಂದಳು ಸುನಂದಾ, ಫ್ರಿಜ್ಜಿನ ಮೇಲಿದ್ದ ದೇವರಿಗೆ ಹೂವಿಡುತ್ತ.

ಹಿಡಿಯುತ್ತಿರಲಿಲ್ಲ. ಹಳೆ ಸಾಮಾನಿನವನು ನಾಲ್ಕು ಸಲ ಬಂದುಹೋದ. ಆ ಉಕ್ಕಿನ ಬಾಗಿಲಿನ ಗೂಡು ಖಾಲಿಯಾದ ದಿನ ದ್ವಾರಕನಾಥನಿಗೆ ನಿಜಕ್ಕೂ ಅಳು ಬಂತು.

ಮೂರು ವಾರ ಕಳೆದು ಒಂದು ಗುರುವಾರ ಅವಳು ರೇಷ್ಮೆ ಸೀರೆ ಉಟ್ಟು ಫೈಲು ಹಿಡಿದು ಹೊರಟಳು. ಎಲ್ಲಿಗೆ ಅಂತ ಕೇಳಬಾರದು, ಅಪಶಕುನ. ಸಹಿ ಹಾಕಲು ಹೊರಟಿದ್ದಾಳೆ, ಸಂಶಯವೇ ಇಲ್ಲ. ಬೆಕ್ಕು ಅಡ್ಡ ಬಂದರೆ ಹಿಂದಕ್ಕೆ ಬಂದು ನೀರು ಕುಡಿದು ಕೂರುವವಳು ಅವಳು. ಶಕುನವನ್ನು ಜೀವಮಾನವಿಡೀ ಗೇಲಿ ಮಾಡಿದ್ದ ದ್ವಾರಕನಾಥ ಸೋಫಾದ ಹಿಂದೆ ಅಡಗಿ ಗೊಜ್ಜುವನ್ನು ಅವಳ ಕಾಲ ಮುಂದಕ್ಕೆ ನೂಕಿದ. ಗೊಜ್ಜು ಗಂಭೀರವಾಗಿ ಅಡ್ಡ ಹಾಯಿತು.

"ಸಾಕಿದ ಬೆಕ್ಕಿಗೆ ಶಕುನ ಇಲ್ಲ," ಎಂದು ಸುನಂದಾ ಚಪ್ಪಲಿ ಮೆಟ್ಟಿದಳು. ಎರಡನೇ ಸಲ ನೂಕಲು ಹೋದಾಗ ಗೊಜ್ಜು ಅವನ ಮೊಣಕೈ ಪರಚಿತು.

ಶುಕ್ರವಾರ ಬೆಳಗ್ಗೆ ಕರೆಗಂಟೆ ಸದ್ದು ಮಾಡಿತು. ಮನೆ ವಶಕ್ಕೆ ತೆಗೆದುಕೊಳ್ಳಲು ಬಂದರೆಂದು ತಿಳಿದು ದ್ವಾರಕನಾಥ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. "ಬೇಡ ಸುನಂದಾ. ನಂಗೆ ಗಾಡಿ ಆಗಲ್ಲ, ವಾಂತಿ ಬರತ್ತೆ. ಈ ಮನೆ ಬಿಟ್ಟು ನಾನು ಬದುಕಲ್ಲ. ತಪ್ಪಾಯ್ತು."

"ಮನೆ ಯಾರ್ರೀ ಮಾರ್ತಿದಾರೆ? ಪಕ್ಕಕ್ಕೆ ಸರೀರಿ, ಪಾಪ ಭಾರ ಹೊತ್ಕೊಂಡು ನಿಂತಿದಾರೆ."

ಟೇಪಿನವನು ಇನ್ನೊಬ್ಬನ ಜೊತೆ ಆಳೆತ್ತರದ ಡಬ್ಬ ಹೊತ್ತು ಒಳಬಂದ. ಅದರಿಂದ ತೇಗದ ದೇವರ ಮಂಟಪ ಹೊರಬಿತ್ತು. ಖಾಲಿ ಗೂಡಿನಲ್ಲಿ ಅದು ಅಳತೆ ಮಾಡಿಸಿದ ಹಾಗೆ ಕೂತಿತು, ಮಾಡಿಸಿದ್ದೇ ಅಲ್ಲವೇ. ಹಿಂದೆಯೇ ಕಾಮಾಕ್ಷಿ ಆಂಟಿ ಹೂವಿನ ಬುಟ್ಟಿಯೊಂದಿಗೆ, ಅವರ ಹಿಂದೆ, ಗುರುವಾರ ಸುನಂದಾಳ ಫೈಲಿನಲ್ಲಿದ್ದ ಜಾತಕ ನೋಡಿ ಮುಹೂರ್ತ ಕೊಟ್ಟಿದ್ದ ಪುರೋಹಿತರು.

"ಇಪ್ಪತ್ತೆರಡು ವರ್ಷ ಕೇಳಿದೆ, ಆ ರೂಮು ಖಾಲಿ ಮಾಡಿ ಅಂತ," ಎಂದಳು ಸುನಂದಾ. "ಕೇಳಿದ್ರಾ?"

"ಮತ್ತೆ ಮೋಟರ್‌ಹೋಮು?"

"ಆಮೇಲೆ ನೋಡೋಣ ಅಂದಿದ್ದೆ. ನೋಡಿದೆ. ಸುಮ್ನೆ ಕೂತ್ಕೊಳ್ರೀ."

ಆ ಮಾತು ಕಿವಿಗೆ ಬಿದ್ದದ್ದೇ ದ್ವಾರಕನಾಥನ ಜೀವ ತಣ್ಣಗಾಯಿತು. ಮನೆ ಉಳಿಯಿತು. ಕಣ್ಣೊರೆಸಿಕೊಂಡು ಸುತ್ತ ನೋಡಿದ. ಮಂಟಪ ಬಂದಿದ್ದ ಡಬ್ಬ ಮೂಲೆಯಲ್ಲಿ ಬಿದ್ದಿತ್ತು. ದಪ್ಪ ರಟ್ಟು, ಒಂದು ಮೂಲೆಯೂ ಮುದುಡಿರಲಿಲ್ಲ. ಕೈ ತಡೆಯಲಿಲ್ಲ. ಅದನ್ನು ಜೋಪಾನವಾಗಿ ಮಡಿಚಿ, ಅಭ್ಯಾಸಬಲದಿಂದ ಉಕ್ಕಿನ ಬಾಗಿಲಿನತ್ತ ನಡೆದ.

ಬಾಗಿಲಲ್ಲಿ, ಆ ಊರಿನವರಂತೆ ಮಾತಿಗೊಂದು 'ಲಾ' ಸೇರಿಸುವ ಧೃತಿ ಪೂಜೆಯ ಗಂಟೆ ಹಿಡಿದು ನಿಂತಿದ್ದಳು. "ಎಲ್ಲಿಗಪ್ಪಾ? ಒಳಗೆ ದೇವರಿದಾರೆ ಲಾ."